ಕಾವೂರು ಕೆರೆಯ ಅನುಮೋದಕ

ಚಪ್. ಚಪ್. ಚಪ್.

ಮನೆಯ ದೀಪಗಳೆಲ್ಲ ಆರಿ ಎಷ್ಟೋ ಹೊತ್ತಾದ ಮೇಲೆ ಈ ಸದ್ದು ಇರ್ವಿನ್ ಮಿನೇಜಸರ ಕಿವಿಗೆ ಬಿತ್ತು. ಜೀವಮಾನವೆಲ್ಲ ವಿಮಾ ಕಂಪೆನಿಯೊಂದರಲ್ಲಿ ದುಡಿದು ನಿವೃತ್ತರಾದ ಅವರು, ಬೆಂಕಿ, ಪ್ರವಾಹ ಮತ್ತು ಕಳ್ಳತನದ ಹೊರತು ಮನುಷ್ಯನ ಬಾಳಿನಲ್ಲಿ ಬೇರೇನೂ ನಡೆಯುವುದಿಲ್ಲವೆಂದು ನಂಬಿದ್ದರು. ಬೆಂಕಿ ಹೀಗೆ ಸದ್ದು ಮಾಡುವುದಿಲ್ಲ. ಪ್ರವಾಹಕ್ಕೆ ಇನ್ನೂ ಕಾಲ ಬಂದಿಲ್ಲ. ಆದ್ದರಿಂದ ಕಳ್ಳನೇ ಎಂದು ತೀರ್ಮಾನಿಸಿ, ಧೈರ್ಯಕ್ಕಾಗಿ ಹೆಂಡತಿಯನ್ನು ಎಬ್ಬಿಸಲು ಕೈ ಚಾಚಿದರು. ಹಾಸಿಗೆ ಖಾಲಿ. ಕಳ್ಳ ಮೊದಲು ಡೈಸಿಯನ್ನೇ ಒಯ್ದಿದ್ದಾನೆ ಎಂದು ಅವರಿಗೆ ಖಚಿತವಾಯಿತು.

ಕೊಡೆ ಹಿಡಿದು, ಬೆಕ್ಕಿನ ಹೆಜ್ಜೆ ಇಡುತ್ತ ಹಾಲಿಗೆ ಬಂದು ನೋಡಿದರೆ, ಡೈಸಿ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಊಟದ ಮೇಜಿಗೆ ಸುತ್ತು ಬರುತ್ತಿದ್ದರು.

"ಎಂತ ಮಾಡ್ತಿದ್ದಿ?"

"ವಾಕಿಂಗ್."

"ಈ ಹೊತ್ತಿಗೆ? ಮೇಜಿಗೆ?"

"ಶುಗರ್ ಇಳೀಬೇಕಾದ್ರೆ ದಿನಾ ನಡೀಲೇಬೇಕು ಅಂತ ಡಾಕ್ಟರು ಹೇಳುವಾಗ ನೀವೂ ಪಕ್ಕದಲ್ಲೇ ಇದ್ರಿ. ಬೆಳಿಗ್ಗೆ ಅಡುಗೆ ಮಾಡಿಟ್ಟು ಉರ್ವದ ಬಸ್ಸು ಹಿಡೀಬೇಕು. ಸಂಜೆ ಶಾಲೆಯಿಂದ ಬರುವಾಗ ನಿಮ್ಮ ಸಂಕಪ್ಪಣ್ಣ ಕೆರೆಯ ಗೇಟಿಗೆ ಬೀಗ ಹಾಕಿ ಮನೆಗೆ ಹೋಗಿ ಆಗಿರ್ತದೆ. ಮತ್ತೆ ನಾನು ಎಲ್ಲಿ ನಡೆಯುವುದು? ಏರ್‌ಪೋರ್ಟ್ ರೋಡಿನಲ್ಲಿ ಟಿಪ್ಪರಿನ ಅಡಿಯಲ್ಲಾ?"

ಡೈಸಿ ನಿಲ್ಲಲಿಲ್ಲ. ಮಾತಾಡುತ್ತಲೇ ಇನ್ನೊಂದು ಸುತ್ತು ಮುಗಿಸಿದರು. ಮುಖ ಬಾಡಿತ್ತು. ಹೋದ ವಾರ ಶಾಲೆಯ ಮೆಟ್ಟಿಲಲ್ಲಿ ತಲೆ ತಿರುಗಿ ಕೂತದ್ದನ್ನು ಅವರು ಗಂಡನಿಗೆ ಹೇಳಿರಲಿಲ್ಲ. ಜೊತೆಯ ಟೀಚರು ಹೇಳಿದ್ದರು.

ಕೆರೆಯ ವಿಷಯ ಇಷ್ಟು. ಕಾವೂರು ಕೆರೆಯ ಸುತ್ತ ಚಂದದ ನಡೆಯುವ ದಾರಿ ಉಂಟು. ದಾರಿಗೆ ಗೇಟು ಉಂಟು. ಗೇಟಿನ ಕೀಲಿಕೈ ಹೇಗೋ ಕೆರೆಯ ಸುತ್ತ ನಡೆಯುವವರ ಸಂಘದ ಕೈಗೆ ಬಂದಿತ್ತು, ಸಂಘವು ಹೇಗೋ ಸಂಕಪ್ಪಣ್ಣನ ಕೈಗೆ ಬಂದಿತ್ತು. ಹೋಟೆಲನ್ನು ಅಳಿಯನಿಗೆ ಬಿಟ್ಟುಕೊಟ್ಟ ಮೇಲೆ ಸಂಕಪ್ಪಣ್ಣನಿಗೆ ಉಳಿದ ಆಡಳಿತವೆಂದರೆ ಈ ಕೆರೆ ಒಂದೇ. ಅದನ್ನು ಅವರು ಸೊಂಟದಲ್ಲೊಂದು ಕೀಲಿಗೊಂಚಲು, ಕುತ್ತಿಗೆಯಲ್ಲೊಂದು ಸೀಟಿ ಇಟ್ಟುಕೊಂಡು ನಡೆಸುತ್ತಿದ್ದರು. ಸೂರ್ಯ ಹುಟ್ಟುವ ಮೊದಲು ಗೇಟು ತೆರೆಯುತ್ತಿತ್ತು. ಸೂರ್ಯ ಮುಳುಗುವ ಮೊದಲೇ ಮುಚ್ಚುತ್ತಿತ್ತು.

ಇರ್ವಿನ್ ಕೊಡೆಯನ್ನು ನೆಲಕ್ಕೂರಿ ನಿಂತರು. ಕತ್ತಲಲ್ಲಿ ಅವರಿಗೆ ಯಾವಾಗಲೂ ಧೈರ್ಯ ಸ್ವಲ್ಪ ಹೆಚ್ಚು.

"ಈ ಸಲ ಅಧ್ಯಕ್ಷರ ಚುನಾವಣೆಗೆ ನಾನು ಸಂಕಪ್ಪಣ್ಣನೊಟ್ಟಿಗೆ ಇಲ್ಲ."

"ಮತ್ತೆ ಯಾರೊಟ್ಟಿಗೆ?"

"ಮುನೀರಾಳೊಟ್ಟಿಗೆ."

ಡೈಸಿ ಈಗ ನಿಂತರು. "ಆ ಫಿಸಿಯೋಥೆರಪಿಯವಳು? ಸಂಜೆ ಗೇಟು ತೆಗೀರಿ ಅಂತ ಕೇಳಿದ್ದಕ್ಕೆ ನೀವೆಲ್ಲ ನಗಾಡಿದ್ದು? ಅವಳಿಗೆ ಅವಳದ್ದೇ ವೋಟು ಬಿದ್ರೆ ದೊಡ್ಡದು."

"ಅದಕ್ಕೇ. ಗೆಲ್ಲುವವರಿಗೆ ಯಾರು ಬೇಕಾದ್ರೂ ಬೆಂಬಲ ಕೊಡ್ತಾರೆ. ಸೋಲುವವರಿಗೆ ಕೊಟ್ರೆ ಅದೊಂದು ರಾಜಕೀಯ ಸಂದೇಶ."

"ಯಾರಿಗೆ ಸಂದೇಶ?"

ಇರ್ವಿನ್ ಅಷ್ಟು ದೂರ ಯೋಚಿಸಿರಲಿಲ್ಲ. "ವ್ಯವಸ್ಥೆಗೆ," ಎಂದರು.

"ವ್ಯವಸ್ಥೆಗೆ ನಾಳೆ ಬೆಳಿಗ್ಗೆ ಕೊಡಿ. ಈಗ ಆ ಕುರ್ಚಿ ಸ್ವಲ್ಪ ಒಳಗೆ ನೂಕಿ. ತಿರುಗುವಲ್ಲಿ ಮೊಣಕಾಲಿಗೆ ತಾಗ್ತದೆ."

ಬೆಳಿಗ್ಗೆ ವ್ಯವಸ್ಥೆಯು ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಗೇಟಿನಲ್ಲೇ ನಿಂತಿತ್ತು. ನಡಿಗೆ ಮುಗಿದ ಮೇಲೆ, ಇಳಿಸಿದ ಕೊಬ್ಬನ್ನು ವಾಪಸು ತುಂಬಿಸಿಕೊಳ್ಳಲು ಎಲ್ಲರೂ ಎಂದಿನಂತೆ ಜಂಕ್ಷನ್ನಿನ ಹೋಟೆಲಿಗೆ ಹೋದರು. ಗೋಳಿಬಜೆಯ ತಟ್ಟೆ ಬಂತು. ಇರ್ವಿನ್ ಗಂಟಲು ಸರಿಮಾಡಿಕೊಂಡರು.

"ಸಂಕಪ್ಪಣ್ಣ, ಈ ಸಂಜೆಯ ಗೇಟಿನ ವಿಷಯ..."

"ಕತ್ತಲಾದ ಮೇಲೆ ಹೆಂಗಸರಿಗೆ ಸೇಫ್ ಅಲ್ಲ ಪೊರ್ಬುಲೆ." ಕ್ರೈಸ್ತ ಸ್ನೇಹಿತರನ್ನು ಸಂಕಪ್ಪಣ್ಣ ಹಳೆಯ ತುಳುವರ ಮರ್ಯಾದೆಯಲ್ಲಿ ಹಾಗೆಯೇ ಕರೆಯುವುದು. "ಅದಕ್ಕೇ ಮುಚ್ಚುವುದು. ಮುಚ್ಚಿದ ಮೇಲೆ ಆ ದಾರಿಯಲ್ಲಿ ಒಬ್ಬ ಹೆಂಗಸಿಗಾದ್ರೂ ಏನಾದ್ರೂ ಆದದ್ದುಂಟಾ?"

"ಇಲ್ಲ."

"ನೋಡಿ."

ಈ ತರ್ಕಕ್ಕೆ ಎದುರು ಹೇಳಲು ಏನೋ ಇದೆ ಎಂದು ಇರ್ವಿನ್‌ಗೆ ಅನಿಸಿತು. ಏನು ಎಂದು ಹೊಳೆಯುವಷ್ಟರಲ್ಲಿ ಸಂಕಪ್ಪಣ್ಣ ಅವರ ಹೆಗಲ ಮೇಲೆ ಕೈ ಹಾಕಿದ್ದರು. "ಮುಂದಿನ ಆದಿತ್ಯವಾರ ಮಹಾಸಭೆ. ವಿಲ್ಲಿ ನನ್ನ ಹೆಸರು ಸೂಚಿಸ್ತಾರೆ, ನೀವು ಅನುಮೋದಿಸಿ. ಯಾವಾಗಲಿನ ಹಾಗೆ."

ಯಾವಾಗಲಿನ ಹಾಗೆ ಎಂದರೆ ಹೀಗೆ: ಕಾರ್ಯದರ್ಶಿ ವಿಲ್ಲಿ ಎದ್ದು ಹೆಸರು ಹೇಳುವುದು, ಇರ್ವಿನ್ ಎದ್ದು "ಅನುಮೋದಿಸುತ್ತೇನೆ" ಎನ್ನುವುದು, ಚಪ್ಪಾಳೆ, ಆಮೇಲೆ ಚಹಾ. ಸಂಘದಲ್ಲಿ ಮತದಾನವೆಂಬುದು ನಡೆದದ್ದೇ ಇಲ್ಲ, ಚಹಾ ತಣ್ಣಗಾಗುತ್ತದೆ. ಇಷ್ಟು ವರ್ಷ ಅನುಮೋದಿಸಿ ಅನುಮೋದಿಸಿ ಇರ್ವಿನ್‌ಗೆ ಅದು ಒಂದು ಹುದ್ದೆಯ ಹಾಗೆಯೇ ಆಗಿತ್ತು.

"ಆಯ್ತು," ಎಂದರು ಇರ್ವಿನ್.

ಹೋಟೆಲಿನಿಂದ ಹೊರಗೆ ಬಂದರೆ ಮುನೀರಾ ಸ್ಕೂಟರು ನಿಲ್ಲಿಸಿ ಕಾಯುತ್ತಿದ್ದಳು. ಡ್ಯೂಟಿಗೆ ಹೊರಟ ಅವಸರ, ಹೆಲ್ಮೆಟ್ ಕೂಡ ತೆಗೆದಿರಲಿಲ್ಲ.

"ಅಂಕಲ್, ಡೈಸಿ ಆಂಟಿ ಬಸ್‌ಸ್ಟಾಪಿನಲ್ಲಿ ಸಿಕ್ಕಿದ್ರು. ನೀವು ನನಗೆ ಸಪೋರ್ಟ್ ಅಂತ ಹೇಳಿದ್ರು. ನಾನು ಸೋಲ್ತೇನೆ, ಅದು ಗೊತ್ತುಂಟು. ಆದ್ರೆ ನನ್ನದಲ್ಲದೆ ಇನ್ನೊಂದು ಸ್ವರ ಬೇಕು ಅಂಕಲ್. ಇಲ್ಲದಿದ್ರೆ ಇವಳಿಗೆ ತಲೆ ಸರಿ ಇಲ್ಲ ಅಂತ ಬರೆದು ಫೈಲ್ ಮುಚ್ತಾರೆ."

"ಆಯ್ತು," ಎಂದರು ಇರ್ವಿನ್.

ಒಂದೇ ಬೆಳಗಿನಲ್ಲಿ ಇಬ್ಬರಿಗೆ ಮಾತು ಕೊಟ್ಟ ಮನುಷ್ಯ ಮನೆಗೆ ಹೋಗಿ ಮಲಗಿಬಿಡಬೇಕಿತ್ತು. ಇರ್ವಿನ್ ಯೋಚಿಸಿದರು. ಮುನೀರಾಳಿಗೆ ಬೆಂಬಲ ಊರಿಗೆ ಕಾಣಬೇಕು, ಸಂಕಪ್ಪಣ್ಣನಿಗೆ ಬೇಸರ ಆಗಬಾರದು, ತನ್ನ ಹೆಸರು ಎಲ್ಲಿಯೂ ಬರಬಾರದು. ಇಂಥ ಕೆಲಸಕ್ಕೆ ನಮ್ಮ ಊರಿನಲ್ಲಿ ಒಂದೇ ಉಪಾಯ ಇರುವುದು: ಫ್ಲೆಕ್ಸ್.

ಫ್ಲೆಕ್ಸ್ ಮಾಡುವ ರವೂಫನ ಅಂಗಡಿಯಲ್ಲಿ ಅವರು ತಮ್ಮ ಯೋಜನೆಯನ್ನು ಬಿಡಿಸಿ ಹೇಳಿದರು. ಮೇಲೆ ದೊಡ್ಡದಾಗಿ ಸಂಕಪ್ಪಣ್ಣನ ಚಿತ್ರ, ಇಷ್ಟು ವರ್ಷದ ಸೇವೆಗೆ ಕೃತಜ್ಞತೆ. ಕೆಳಗೆ ಸಣ್ಣದಾಗಿ, ಮುಂದಿನ ಅಧ್ಯಕ್ಷೆಯಾಗಿ ಮುನೀರಾಳಿಗೆ ಬೆಂಬಲ. ಚಿತ್ರಕ್ಕೆಂದು ಹಳೆಯ ಪೇಪರಿನ ಒಂದು ತುಂಡು ತಂದಿದ್ದರು. ಯಾವುದೋ ಸನ್ಮಾನದ ಕಪ್ಪುಬಿಳುಪು ಚಿತ್ರ. ಸಂಕಪ್ಪಣ್ಣನ ಕೊರಳಿಗೆ ಗಂಧದ ಹಾರ ಹಾಕುತ್ತಿರುವವರು ಸ್ವತಃ ಇರ್ವಿನ್.

"ನನ್ನನ್ನು ತೆಗೀಬೇಕು," ಎಂದರು ಇರ್ವಿನ್.

"ತೆಗೀತೇನೆ ಸಾರ್. ಕೈ ಮಾತ್ರ ಹಾರದೊಟ್ಟಿಗೆ ಅಂಟಿಕೊಂಡುಂಟು, ಅದು ಸ್ವಲ್ಪ ಉಳೀತದೆ. ಹಿಂದೆ ಎಂತ ಹಾಕುವುದು? ಬಲೂನು? ಹುಲಿ?"

"ಗಂಭೀರವಾಗಿರ್ಲಿ. ಅದೋ, ಆ ಮೋಡ ಉಂಟಲ್ಲ, ಮಧ್ಯದಿಂದ ಬೆಳಕು ಬರುವುದು. ಅದು ಚಂದ ಉಂಟು."

"ಸಾರ್, ಆ ಮೋಡ ನಾವು ಸಾಮಾನ್ಯ..."

"ಅದೇ ಇರ್ಲಿ. ಚಿತ್ರದ ಅಡಿಯಲ್ಲಿ 2009 – 2025 ಅಂತ ಹಾಕು."

ರವೂಫ ಒಮ್ಮೆ ಕಂಪ್ಯೂಟರನ್ನೂ ಒಮ್ಮೆ ಇರ್ವಿನ್‌ರನ್ನೂ ನೋಡಿದ. "ಸೇವಾವಧಿ ಅಂತ ಬರೀಬೇಕಾ?"

"ಬೇಡ. ಕಾವೂರಿನಲ್ಲಿ ಎಲ್ಲರಿಗೂ ಗೊತ್ತುಂಟು. ಮೇಲೆ ‘ನಿಮ್ಮ ಸೇವೆ ಎಂದೆಂದಿಗೂ ನಮ್ಮ ನೆನಪಿನಲ್ಲಿ’. ಕೊನೆಗೆ ‘ಕೆರೆಯ ಹಿತೈಷಿಗಳು’. ಆರ್ಡರ್ ಕೊಟ್ಟದ್ದು ಯಾರು ಅಂತ ಯಾರಿಗೂ ಹೇಳ್ಬಾರ್ದು."

"ನನ್ನಲ್ಲಿ ಇರುವ ಫ್ರೇಮು ಸ್ವಲ್ಪ ಗಿಡ್ಡ ಸಾರ್. ಮಿಕ್ಕಿದ್ದನ್ನು ಹಿಂದಕ್ಕೆ ಮಡಚಿ ಮೊಳೆ ಹೊಡೀತೇನೆ, ಆಗ್ಬಹುದಾ?"

"ಎಂತ ಬೇಕಾದ್ರೂ ಮಾಡು. ಹೆಸರು ಮಾತ್ರ ಹೇಳ್ಬೇಡ," ಎಂದರು ಇರ್ವಿನ್. ಅವರು ಆಗಲೇ ಬಾಗಿಲಲ್ಲಿ ನಿಂತು ರಸ್ತೆಯ ಎರಡೂ ಕಡೆ ನೋಡುತ್ತಿದ್ದರು.

ಫ್ಲೆಕ್ಸ್ ಏಳುವ ದಿನ ಇರ್ವಿನ್ ಕನ್ನಡಿಯ ಎದುರು ನಿಂತು ಆಶ್ಚರ್ಯಪಡುವ ಅಭ್ಯಾಸ ಮಾಡಿದರು. ಹುಬ್ಬು ಎಷ್ಟು ಏರಬೇಕು, ಬಾಯಿ ಎಷ್ಟು ತೆರೆಯಬೇಕು ಎಂದು ಗೊತ್ತು ಮಾಡಿಕೊಂಡು ಕೆರೆಗೆ ಹೊರಟರು. ಗೇಟು ಮುಚ್ಚಿತ್ತು. ಎದುರು ಗುಂಪೊಂದು ತಲೆ ತಗ್ಗಿಸಿ ನಿಂತಿತ್ತು. ವಿಲ್ಲಿಯ ಕೈಯಲ್ಲಿ ಸೇವಂತಿಗೆಯ ಮಾಲೆ.

"ಫ್ಲೆಕ್ಸ್ ನೋಡಿದ್ರಾ ಇರ್ವಿನ್?"

ಇರ್ವಿನ್ ಹುಬ್ಬೇರಿಸಿ ಬಾಯಿ ತೆರೆದರು. "ಯಾವ ಫ್ಲೆಕ್ಸ್?"

"ಸಂಕಪ್ಪಣ್ಣ ಹೋದ್ರು ಮಾರಾಯ್ರೆ."

ತೆರೆದ ಬಾಯಿ ತೆರೆದೇ ಉಳಿಯಿತು. ಇಷ್ಟು ವರ್ಷದಲ್ಲಿ ಗೇಟು ತೆರೆಯದ ಬೆಳಗು ಇದೇ ಮೊದಲು. ಅದು ಸುಳ್ಳಾಗಲು ಸಾಧ್ಯವಿಲ್ಲ. ನಿನ್ನೆ ಸಂಜೆ ಸೀಟಿ ಊದಿದ ಮನುಷ್ಯ. ಇರ್ವಿನ್ ಶಿಲುಬೆಯ ಗುರುತು ಹಾಕಿ, ಕಣ್ಣೊರೆಸಿಕೊಂಡು ಗುಂಪಿನ ಜೊತೆ ನಡೆದರು. ಇಂಥ ದಿನವೇ ತನ್ನ ಕೃತಜ್ಞತೆಯ ಫ್ಲೆಕ್ಸ್ ಏಳಬೇಕೇ, ಜನ ಏನೆಂದುಕೊಂಡಾರು ಎಂಬ ಚಿಂತೆ ಬೇರೆ.

ಜಂಕ್ಷನ್ ಬಂತು. ಗುಂಪು ನಿಂತು ಕೈ ಮುಗಿಯಿತು. ಇರ್ವಿನ್ ತಲೆ ಎತ್ತಿದರು.

ಕಪ್ಪುಬಿಳುಪಿನಲ್ಲಿ ಸಂಕಪ್ಪಣ್ಣ. ಕೊರಳಲ್ಲಿ ಹಾರ. ಹಿಂದೆ ಮೋಡ, ಮೋಡದ ನಡುವೆ ಸ್ವರ್ಗದಿಂದ ಬಂದಂಥ ಬೆಳಕು. ಅಡಿಯಲ್ಲಿ 2009 – 2025. ಎಂದೆಂದಿಗೂ ನಮ್ಮ ನೆನಪಿನಲ್ಲಿ. ಮುನೀರಾಳ ಹೆಸರಿರುವ ಭಾಗ, ಅಂದರೆ ರಾಜಕೀಯ ಸಂದೇಶವೆಲ್ಲ, ಫ್ರೇಮಿನ ಹಿಂದಕ್ಕೆ ಮಡಚಿಹೋಗಿತ್ತು.

"ಎಷ್ಟು ಬೇಗ ಮಾಡಿ ಹಾಕಿದ್ದಾರೆ ನೋಡಿ, ಪಾಪ," ಎಂದ ಒಬ್ಬ. "ಇಸವಿ ಮಾತ್ರ ತಪ್ಪಿದೆ. ಹದಿನಾರು ವರ್ಷದ ಮುಖವಾ ಅದು?"

"ಗಡಿಬಿಡಿಯಲ್ಲಿ ಆಗ್ತದೆ," ಎಂದರು ವಿಲ್ಲಿ.

ಇರ್ವಿನ್ ಏನೋ ಹೇಳಹೊರಟರು. ಆದರೆ ಗೇಟು ತೆರೆದಿಲ್ಲವಲ್ಲ? ಒಂದು ವೇಳೆ ಅವರು ನಿಜಕ್ಕೂ ಹೋಗಿದ್ದರೆ ಫ್ಲೆಕ್ಸಿನಲ್ಲಿ ತಪ್ಪೇನೂ ಇಲ್ಲ. ಇಂಥ ಆಸೆ ಮನಸ್ಸಿಗೆ ಬಂದದ್ದಕ್ಕೆ ಇನ್ನೊಮ್ಮೆ ಶಿಲುಬೆಯ ಗುರುತು ಹಾಕಿಕೊಂಡು ಹಿಂದೆ ಹಿಂದೆ ನಡೆದರು.

ಸಂಕಪ್ಪಣ್ಣನ ಹೆಂಡತಿ ಸ್ವರ್ಣಲತಾ ಅಂಗಳದ ನಳ್ಳಿಯ ಬಳಿ ಬಂಗುಡೆ ತೊಳೆಯುತ್ತಿದ್ದರು. ಇಷ್ಟು ಜನರನ್ನು ಕಂಡು ಸೆರಗಿಗೆ ಕೈ ಒರೆಸಿಕೊಂಡು ಎದ್ದರು. ದುಃಖದಲ್ಲಿ ಮನುಷ್ಯರು ಏನೇನೋ ಮಾಡುತ್ತಾರೆ ಎಂದು ಎಲ್ಲರೂ ಮೀನಿನಿಂದ ಕಣ್ಣು ತಿರುಗಿಸಿದರು.

"ಇಷ್ಟು ಬೇಗ ಗೊತ್ತಾಯ್ತಾ ನಿಮಗೆ?" ಎಂದರು ಸ್ವರ್ಣಲತಾ.

"ಹೇಗಾಯ್ತು ಅಕ್ಕ?" ಎಂದರು ವಿಲ್ಲಿ.

"ರಾತ್ರಿ ಊಟ ಮಾಡಿ ಬಗ್ಗಿ ಚಪ್ಪಲಿ ತೆಗೆದದ್ದು ಮಾರಾಯ್ರೆ, ಅಷ್ಟೇ. ಮತ್ತೆ ಏಳ್ಲೇ ಇಲ್ಲ. ತುಂಬಾ ನರಳಿದ್ರು. ಬೆಳಗ್ಗಿನ ಜಾವ ಎಲ್ಲ ಶಾಂತ ಆಯ್ತು."

"ಅಯ್ಯೋ. ಈಗ ಎಲ್ಲಿ..."

"ಒಳಗೆ ಚಾಪೆಯಲ್ಲಿ ಮಲಗಿಸಿದ್ದೇವೆ. ಮಂಚ ಆಗುವುದಿಲ್ಲಂತೆ. ಆ ಮುನೀರಾ ಈಗ ಬರ್ತಾಳೆ. ಕೈಕಾಲು ಎಲ್ಲ ಸೆಟೆದುಕೊಂಡುಂಟಲ್ಲ, ಎಳೆದು ನೇರ ಮಾಡ್ತೇನೆ ಅಂದಿದ್ದಾಳೆ."

ಗುಂಪಿನಲ್ಲಿ ಒಬ್ಬರು ಬಾಯಿಗೆ ಕೈ ಅಡ್ಡ ಹಿಡಿದರು. ಎದುರಾಳಿಯೇ ಬಂದು ಈ ಸೇವೆ ಮಾಡುವುದೆಂದರೆ ದೊಡ್ಡ ಮನಸ್ಸು ಎಂದು ಇನ್ನೊಬ್ಬರು ಮೆಲ್ಲಗೆ ಹೇಳಿದರು.

"ತೆಕ್ಕೊಂಡು ಹೋಗುವುದು ಯಾವಾಗ ಅಕ್ಕ?"

"ಇವತ್ತು ಕಡಿಮೆ ಆಗದಿದ್ರೆ ನಾಳೆ ನೋಡುವ."

ಆಘಾತ ಇನ್ನೂ ಅವರ ತಲೆಗೆ ಇಳಿದಿಲ್ಲ ಎಂದು ವಿಲ್ಲಿ ಕಣ್ಸನ್ನೆ ಮಾಡಿದರು. ಆಮೇಲೆ, ಹೇಗೂ ಮಾತಾಡಲೇಬೇಕಾದ್ದರಿಂದ, ತುಂಬ ಮೆತ್ತಗೆ ಕೇಳಿದರು: "ಅಕ್ಕ, ಈಗ ಕೇಳ್ಬಾರ್ದು. ಗೇಟಿನ ಕೀಲಿಕೈ ಎಲ್ಲುಂಟು?"

"ಅವರ ತಲೆದಿಂಬಿನ ಅಡಿಯಲ್ಲಿ."

"ಅದನ್ನು... ಒಟ್ಟಿಗೇ ಕಳಿಸ್ಬೇಡಿ."

ಅಲ್ಲಿಗೆ ಅಣೆಕಟ್ಟು ಒಡೆಯಿತು. "ದೇವರಂಥ ಮನುಷ್ಯ. ಆದ್ರೆ ಇನ್ನು ಸಂಜೆ ಗೇಟು ತೆಗೀಬಹುದು, ಅಲ್ವಾ?" ಎಂದರು ಒಬ್ಬರು. "ನಮ್ಮ ಅತ್ತೆ ಪಾಪ, ಮನೆಯ ಟೆರೇಸಿನಲ್ಲೇ ಸುತ್ತುವುದು," ಎಂದರು ಇನ್ನೊಬ್ಬರು. ಮತ್ತೊಬ್ಬರು ಅಂಗಡಿ ಮುಚ್ಚಿ ಬರುವ ಮಗನ ಹೊಟ್ಟೆಯ ಸುತ್ತಳತೆ ಹೇಳಿದರು. ಸಂಕಪ್ಪಣ್ಣನ ಗುಣಗಾನ ನಡೆಯಿತು, ನಡೆಯಲಿಲ್ಲ ಎನ್ನುವ ಹಾಗಿಲ್ಲ. ಕೆರೆಯ ಕಳೆ ತೆಗೆಸಿದ್ದು, ದಾರಿಯ ಬದಿಗೆ ಗಿಡ ನೆಟ್ಟದ್ದು ಎಲ್ಲ ಬಂತು. ಆದರೆ ಪ್ರತಿಯೊಂದು ಗುಣಗಾನವೂ ಸುತ್ತಿ ಸುತ್ತಿ ಗೇಟಿಗೇ ಬಂದು ನಿಲ್ಲುತ್ತಿತ್ತು.

"ನಾನೂ ಹೇಳಿದ್ದೆ," ಎಂದರು ಸ್ವರ್ಣಲತಾ. ಅವರಿಗೆ ಸಂಭಾಷಣೆ ಹೀಗೇಕೆ ತಿರುಗಿತೆಂದು ಅರ್ಥವಾಗಿರದಿದ್ದರೂ ಮನಸ್ಸಿನ ಮಾತು ಬಂದಾಗ ಬಿಡುವವರಲ್ಲ. "ಅಧ್ಯಕ್ಷರ ಹೆಂಡತಿ ಅಂತ ಹೆಸರು ಮಾತ್ರ. ಬೆಳಿಗ್ಗೆ ನನಗೆ ಪುರುಸೊತ್ತಿಲ್ಲ, ಸಂಜೆ ಇವರು ಬೀಗ ಹಾಕಿ ಬಂದು ಟಿವಿ ಎದುರು ಕೂತುಕೊಳ್ತಾರೆ. ಆ ಕೆರೆಗೆ ನಾನು ಒಂದು ಸುತ್ತು ಬಂದವಳಲ್ಲ."

ಒಳಗಿನಿಂದ ಒಂದು ಕೆಮ್ಮು ಕೇಳಿಸಿತು.

"ಸ್ವರ್ಣಾ," ಎಂದಿತು ಸತ್ತವರ ಸ್ವರ. "ಚಾ ಎಂತ ಆಯ್ತು?"

ವಿಲ್ಲಿಯ ಕೈಯಿಂದ ಮಾಲೆ ಬಿತ್ತು. ಪರದೆ ಸರಿಯಿತು. ಸೊಂಟ ಹಿಡಿದುಕೊಂಡು, ನೇಗಿಲಿನ ಹಾಗೆ ಬಗ್ಗಿದ ಸಂಕಪ್ಪಣ್ಣ ಗೋಡೆಯ ಆಧಾರದಲ್ಲಿ ಹೊರಗೆ ಬಂದರು. ಕತ್ತು ಎತ್ತಲಾಗದೆ ಎಲ್ಲರ ಮೊಣಕಾಲುಗಳನ್ನು ಒಂದು ಕಡೆಯಿಂದ ನೋಡಿದರು.

"ಯಾರು ಸತ್ತದ್ದು?"

"ಫ್ಲೆಕ್ಸ್ ಉಂಟು ಸಂಕಪ್ಪಣ್ಣ," ಎಂದರು ವಿಲ್ಲಿ, ಫ್ಲೆಕ್ಸಿಗಿಂತ ಹೆಚ್ಚಿನ ಸಾಕ್ಷಿ ಬೇಕಾದರೆ ನೀವೇ ಕೊಡಬೇಕು ಎಂಬ ಧಾಟಿಯಲ್ಲಿ.

ಅಷ್ಟರಲ್ಲಿ ಮನೆಯ ಗೇಟಿನ ಎದುರು ಒಂದು ಸಣ್ಣ ಲಾರಿ ನಿಂತಿತು. ಅನುಮತಿ ಇಲ್ಲದ ಫ್ಲೆಕ್ಸ್ ತೆಗೆಯುವ ಅಧಿಕಾರಿ ಸುರುಳಿಯೊಂದನ್ನು ಎರಡೂ ಕೈಯಲ್ಲಿ ಮಗುವಿನ ಹಾಗೆ ಎತ್ತಿಕೊಂಡು ಇಳಿದರು.

"ಮೃತರ ಮನೆ ಇದೇನಾ?"

"ಹೌದು," ಎಂದರು ಸಂಕಪ್ಪಣ್ಣ. "ನಾನೇ."

ಅಧಿಕಾರಿ ಸುರುಳಿಯನ್ನು ಎದೆಗೆ ಒತ್ತಿಕೊಂಡರು. ಇಲಾಖೆಯಲ್ಲಿ ಇದಕ್ಕೆ ನಿಯಮ ಇರಲಿಲ್ಲ. "ಪರ್ಮಿಶನ್ ಇರ್ಲಿಲ್ಲ. ಇಂಥ ವಿಷಯದಲ್ಲಿ ನಾವು ಕೇಸು ಮಾಡುವುದಿಲ್ಲ, ಮರ್ಯಾದೆಯಲ್ಲಿ ಮನೆಗೆ ತಲುಪಿಸುವ ಅಂತ ತಂದೆ. ನೀವು ಬದುಕಿದ್ರೆ ಕೇಸು ಮಾಡ್ಬೇಕಾಗ್ತದೆ."

"ಯಾರ ಮೇಲೆ? ನನ್ನ ಮೇಲಾ?"

"ಹಾಕಿಸಿದವರ ಮೇಲೆ. ಯಾರು ಹಾಕಿಸಿದ್ದು?"

ಉತ್ತರ ಹುಡುಕಲು ಅಧಿಕಾರಿ ಸುರುಳಿ ಬಿಚ್ಚಿದರು. ಮೋಡ ಬಂತು, ಮುಖ ಬಂತು, ಇಸವಿ ಬಂತು. ಆಮೇಲೆ, ಅದುವರೆಗೆ ಯಾರೂ ನೋಡದ ತುದಿ ತಟ್ಟನೆ ಬಿಚ್ಚಿಕೊಂಡು ಅಂಗಳದ ಮೀನಿನ ನೀರಿನವರೆಗೆ ಹರಡಿತು: ಮುಂದಿನ ಅಧ್ಯಕ್ಷೆ ಮುನೀರಾ ಅವರಿಗೆ ನಮ್ಮ ಬೆಂಬಲ.

ಮುನೀರಾ ಸರಿಯಾಗಿ ಆಗಲೇ ಸ್ಕೂಟರು ನಿಲ್ಲಿಸಿ ಒಳಗೆ ಬಂದಳು.

"ಇದಾ ನಿನ್ನ ರಾಜಕೀಯ?" ಎಂದರು ವಿಲ್ಲಿ. "ಚುನಾವಣೆಗೆ ಮೊದಲೇ ಮನುಷ್ಯನನ್ನು ಮುಗಿಸಿಬಿಡುವುದಾ?"

ಮುನೀರಾ ಫ್ಲೆಕ್ಸನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. "ಇದು ನಾನು ಹಾಕಿದ್ದಲ್ಲ. ಸತ್ತವರ ಎದುರು ಗೆದ್ದು ನನಗೆ ಎಂತ ಸಿಗ್ತದೆ ವಿಲ್ಲಿ ಅಂಕಲ್? ಇವರು ಗಟ್ಟಿಮುಟ್ಟಾಗಿ ಇರ್ಬೇಕು, ನಾನು ಸೋಲ್ಬೇಕು, ಮುಂದಿನ ವರ್ಷ ಮತ್ತೆ ನಿಲ್ಬೇಕು. ನನ್ನ ಲೆಕ್ಕ ಹಾಗೆ ಇರುವುದು. ಆದ್ರೆ ನಿಮಗೆಲ್ಲ ಅನುಮಾನ ಇದ್ರೆ, ಬೇಡ, ನಾನು ನಿಲ್ಲುವುದೇ ಇಲ್ಲ."

ಅಂಗಳದ ಮೂಲೆಯಲ್ಲಿ ಬಾಳೆಗಿಡದ ಹಿಂದೆ ಅರ್ಧ ಮರೆಯಾಗಿದ್ದ ಇರ್ವಿನ್ ಬಾಯಿ ತೆರೆದರು. ಬೆಳಿಗ್ಗೆ ಕನ್ನಡಿಯ ಎದುರು ಅಷ್ಟು ಚೆನ್ನಾಗಿ ತೆರೆದಿದ್ದ ಬಾಯಿ. ಈಗ ಅದರಿಂದ ಸ್ವರ ಹೊರಡಲಿಲ್ಲ.

ಸಂಕಪ್ಪಣ್ಣ ಹೇಗೂ ಬಗ್ಗಿಕೊಂಡೇ ಇದ್ದುದರಿಂದ ಫ್ಲೆಕ್ಸನ್ನು ಅವರಷ್ಟು ಹತ್ತಿರದಿಂದ ನೋಡಿದವರು ಬೇರೆ ಇಲ್ಲ. ತಮ್ಮ ಕೊರಳಿನ ಹಾರ, ಹಾರ ಹಿಡಿದ ಯಾರದೋ ಕೈಯ ತುಂಡು, ಕೈಯಲ್ಲಿ ಚೌಕದ ದೊಡ್ಡ ವಾಚು. ಬಗ್ಗಿದಲ್ಲಿಂದಲೇ ಅವರು ಅಂಗಳದಲ್ಲಿದ್ದ ಕೈಗಳನ್ನೆಲ್ಲ ಒಂದೊಂದಾಗಿ ನೋಡುತ್ತ ಹೋದರು. ಬಾಳೆಗಿಡದ ಹತ್ತಿರ ಕಣ್ಣು ನಿಂತಿತು. ಇರ್ವಿನ್ ತಮಗೆ ತಿಳಿಯದೆಯೇ ಬಲಗೈಯನ್ನು ಜೇಬಿಗೆ ಹಾಕಿದರು. ಅವರು ವಾಚು ಕಟ್ಟುವುದು ಎಡಗೈಗೆ.

"ಯಾರು ಹಾಕಿದ್ರೋ ಹಾಕಿದ್ರು," ಎಂದರು ಸಂಕಪ್ಪಣ್ಣ. "ಒಳ್ಳೆ ಗಟ್ಟಿ ಫ್ಲೆಕ್ಸು. ಇಲ್ಲೇ ಇಡಿ. ಕೇಸು ಬೇಡ ಸಾರ್, ನಾನು ಇವತ್ತು ಒಳಗೆ ಮಲಗಿಯೇ ತುಂಬಾ ಕೇಳಿ ಆಗಿದೆ. ಮುನೀರಾ, ನೀನು ಮೊದಲು ನನ್ನ ಸೊಂಟ ನೋಡು."

ಮುನೀರಾ ಚಾವಡಿಯಲ್ಲಿ ಅವರನ್ನು ಮಲಗಿಸಿ, ಕಾಲು ಮಡಚಿಸಿ, ಎಲ್ಲಿಯೋ ಒತ್ತಿ ಇನ್ನೆಲ್ಲಿಯೋ ಎಳೆದಳು. ಸಂಕಪ್ಪಣ್ಣನ ಬಾಯಿಂದ ತುಳುವಿನಲ್ಲಿ ನಾಲ್ಕು ಮಾತು ಬಂತು. ಅವು ಇಲ್ಲಿ ಬೇಡ. ಕೊನೆಗೆ ಅವರು ಮುಕ್ಕಾಲು ಪಾಲು ನೇರವಾಗಿ ಎದ್ದು ಕೂತರು.

"ಬೆಳಿಗ್ಗೆ ನಡೀಬೇಡಿ. ಎದ್ದ ಕೂಡಲೇ ಸೊಂಟ ಬಿಗಿದಿರ್ತದೆ," ಎಂದಳು ಮುನೀರಾ. "ಸಂಜೆ ಬಿಸಿನೀರಿನ ಶಾಖ ಕೊಟ್ಟು ಮೆಲ್ಲ ನಡೀಬೇಕು. ಸಮ ಇರುವ ದಾರಿಯಲ್ಲಿ, ಏರು ತಗ್ಗು ಇರ್ಬಾರ್ದು."

"ಇಲ್ಲಿ ಸಮ ದಾರಿ ಇರುವುದು ಕೆರೆಯ ಬದಿ ಮಾತ್ರ."

"ಹಾಗಾದ್ರೆ ಅಲ್ಲಿಯೇ."

"ಸಂಜೆ ಗೇಟು ಮುಚ್ಚಿರ್ತದೆ."

"ಯಾರು ಮುಚ್ಚುವುದು?" ಎಂದು ಕೇಳಿದಳು ಮುನೀರಾ, ಬ್ಯಾಗಿನ ಜಿಪ್ಪು ಎಳೆಯುತ್ತ.

ಸ್ವರ್ಣಲತಾ ಬಂಗುಡೆಯ ಕಡೆಗೆ ಹೋಗುತ್ತ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಆದಿತ್ಯವಾರ ಬಂತು. ಕೆರೆಯ ಬದಿಯ ತಗಡಿನ ಮಾಡಿನ ಅಡಿಯಲ್ಲಿ ಮಹಾಸಭೆ. ಇರ್ವಿನ್ ವಾರವಿಡೀ ಫುಲ್‌ಕೈ ಅಂಗಿ ಹಾಕಿದ್ದರು. ಜೊತೆಗೆ, ವಿಮಾ ಕಂಪೆನಿಯಲ್ಲಿ ಕಲಿತದ್ದನ್ನೆಲ್ಲ ಉಪಯೋಗಿಸಿ ಒಂದು ದಾರಿ ಕಂಡುಕೊಂಡಿದ್ದರು. ಮುನೀರಾ ನಿಲ್ಲುವುದಿಲ್ಲ ಎಂದದ್ದನ್ನು ಡೈಸಿ ಹೋಗಿ ಮಾತಾಡಿ ಬದಲಿಸಿದ್ದರು, ಅದು ನಿಜ. ಆದರೆ ಅವಳ ಹೆಸರನ್ನು ಸೂಚಿಸುವವರು ಯಾರೂ ಇಲ್ಲ. ಸೂಚನೆಯೇ ಇಲ್ಲದ ಮೇಲೆ ಅನುಮೋದನೆಯ ಪ್ರಶ್ನೆ ಏಳುವುದಿಲ್ಲ. ಅಂದರೆ ಮುನೀರಾಳಿಗೆ ಕೊಟ್ಟ ಮಾತು ಮುರಿಯದೆಯೇ ಸಂಕಪ್ಪಣ್ಣನನ್ನು ಅನುಮೋದಿಸಬಹುದು. ಷರತ್ತುಗಳು ಅನ್ವಯಿಸುತ್ತವೆ.

ವರದಿ ಓದಿ ಮುಗಿಯಿತು. ಹಿಂದೆ ಚಹಾದ ಫ್ಲಾಸ್ಕು ಬಂದು ಕೂತಿತು. ವಿಲ್ಲಿ ಎದ್ದು, ದೇವರ ದಯೆಯಿಂದ ನಮ್ಮೊಟ್ಟಿಗೇ ಇರುವ ಸಂಕಪ್ಪಣ್ಣನವರ ಹೆಸರನ್ನು ಸೂಚಿಸಿದರು. ಮುನೀರಾ ಮೂರನೆಯ ಸಾಲಿನಲ್ಲಿ ನೆಟ್ಟಗೆ ಕೂತು ಮುಂದೆ ನೋಡುತ್ತಿದ್ದಳು. ಸಂಕಪ್ಪಣ್ಣ ಸೊಂಟಕ್ಕೆ ಬೆಲ್ಟು ಬಿಗಿದು ವೇದಿಕೆಯಲ್ಲಿದ್ದರು. ಇರ್ವಿನ್ ಎದ್ದು ನಿಂತರು.

"ನಾನು ಅನುಮೋದಿಸುತ್ತೇನೆ, ಮಾನ್ಯ ಶ್ರೀ..."

ಚಪ್. ಚಪ್. ಚಪ್.

ಹಿಂದಿನಿಂದ. ಡೈಸಿ ತಡವಾಗಿ ಬರುತ್ತಿದ್ದರು, ಸಭೆ ಮುಗಿದ ಮೇಲೆ ಗೇಟು ಮುಚ್ಚುವ ಮೊದಲು ಒಂದು ಸುತ್ತಾದರೂ ನಡೆಯುವ ಎಂದು ಅದೇ ಹವಾಯಿ ಚಪ್ಪಲಿಯಲ್ಲಿ. ತಿರುಗಿ ನೋಡದೆಯೇ ಇರ್ವಿನ್‌ಗೆ ಊಟದ ಮೇಜು ಕಂಡಿತು. ತಿರುಗುವಲ್ಲಿ ಮೊಣಕಾಲಿಗೆ ತಾಗುವ ಕುರ್ಚಿಯೂ ಕಂಡಿತು.

"...ಮತಿ ಮುನೀರಾ ಅವರನ್ನು," ಎಂದಿತು ಅವರ ಬಾಯಿ.

ತಗಡಿನ ಮೇಲೆ ಕಾಗೆಯೊಂದು ನಡೆದುಹೋಯಿತು.

"ಹೆಸರು ಸೂಚಿಸದೆ ಅನುಮೋದನೆ ಎಂಥದ್ದು ಮಾರಾಯ್ರೆ?" ಎಂದರು ವಿಲ್ಲಿ. "ಮದುಮಗಳೇ ಇಲ್ಲದೆ ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರ ಮಾಡಿದ ಹಾಗಾಯ್ತು. ಮುನೀರಾಳ ಹೆಸರು ಸೂಚಿಸಿದ್ದು ಯಾರು?"

ಇರ್ವಿನ್ ನಿಂತೇ ಇದ್ದರು. ಕೂರುವುದು ಹೇಗೆಂದು ಮರೆತಿತ್ತು. ಸೂಚಿಸಿದವರು ಯಾರೂ ಇರಲಿಲ್ಲ. ಮುನೀರಾ ತಲೆ ತಗ್ಗಿಸಿದಳು.

"ನಾನು," ಎಂದರು ಸಂಕಪ್ಪಣ್ಣ.

"ನೀವಾ? ನಿಮ್ಮ ಹೆಸರು ನಾನು ಈಗಷ್ಟೇ ಸೂಚಿಸಿದ್ದು."

"ಮೊನ್ನೆ ನನಗೆ ಮಾಲೆ ತಂದದ್ದು ನೀವೇ ಅಲ್ವಾ ವಿಲ್ಲಿ? ಹೋದವರ ಹೆಸರು ಸೂಚಿಸ್ಲಿಕ್ಕೆ ಬರ್ತದಾ?" ಸಂಕಪ್ಪಣ್ಣ ಸೊಂಟಕ್ಕೆ ಕೈ ಕೊಟ್ಟು ಮೆಲ್ಲನೆ ಎದ್ದರು. "ನಾನು ಹೋದ ಮೇಲೆ ಊರಿಗೆ ಎಂತ ಬೇಕು ಅಂತ ನಾನು ಇದ್ದೇ ಕೇಳಿದ್ದೇನೆ. ಹಾಗೆ ಕೇಳ್ಲಿಕ್ಕೆ ಎಲ್ಲರಿಗೂ ಸಿಗುವುದಿಲ್ಲ. ಸೂಚಕ ನಾನು, ಅನುಮೋದಕರು ಪೊರ್ಬುಲು. ಚಪ್ಪಾಳೆ ತಟ್ಟಿ, ಚಾ ತಣಿಯುತ್ತದೆ."

ಸಂಘದ ಪದ್ಧತಿಯನ್ನು ಮುರಿಯುವ ಧೈರ್ಯ ಯಾರಿಗೂ ಇರಲಿಲ್ಲ. ಚಪ್ಪಾಳೆ ಬಿತ್ತು. ಮೊದಲು ಹಿಂದಿನ ಸಾಲಿನ ಹೆಂಗಸರದು, ಆಮೇಲೆ ಎಲ್ಲರದು. ಮುನೀರಾ ಎದ್ದು ಬಂದು ಕೈ ಚಾಚಿದಳು. ಸಂಕಪ್ಪಣ್ಣ ಗೊಂಚಲಿನಿಂದ ಕೀಲಿಕೈ ಬಿಡಿಸುವಷ್ಟರಲ್ಲಿ ಚಹಾ ನಿಜಕ್ಕೂ ತಣ್ಣಗಾಯಿತು. ಬೆರಳಿಗೆ ಅದನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. ಸೀಟಿಯನ್ನು ನೀವೇ ಇಟ್ಟುಕೊಳ್ಳಿ ಎಂದಳು ಮುನೀರಾ, ಕತ್ತಲಾದ ಮೇಲೆ ಒಬ್ಬರು ಊದುವವರು ಬೇಕಾಗುತ್ತದೆ. ಅವರ ಮುಖ ಅರಳಿತು.

ಆ ಸಂಜೆ ಸೂರ್ಯ ಮುಳುಗಿದ ಮೇಲೂ ಕೆರೆಯ ಗೇಟು ತೆರೆದಿತ್ತು. ಡೈಸಿ ಮತ್ತು ಸ್ವರ್ಣಲತಾ ಮಾತಾಡುತ್ತ ಆಚೆ ದಡ ತಲುಪಿದ್ದರು. ಸ್ವರ್ಣಲತಾ ಪ್ರತಿಯೊಂದು ಗಿಡದ ಬಳಿಯೂ ನಿಂತು, ಇದನ್ನೂ ಇವರೇ ನೆಟ್ಟದ್ದಾ ಎಂದು ಕೇಳುತ್ತಿರುವುದು ನೀರಿನ ಮೇಲಿಂದ ಕೇಳುತ್ತಿತ್ತು. ಸಂಕಪ್ಪಣ್ಣ ತಮ್ಮ ಪಾಲಿನ ಅರ್ಧ ಸುತ್ತು ಮುಗಿಸಿ ಬೆಂಚಿನಲ್ಲಿ ಇರ್ವಿನ್ ಪಕ್ಕ ಕೂತರು.

"ಫ್ಲೆಕ್ಸ್ ಟೆರೇಸಿನಲ್ಲಿ ಉಂಟು ಪೊರ್ಬುಲೆ. ಸ್ವರ್ಣ ಅದರ ಮೇಲೆ ಹಪ್ಪಳ ಒಣಗಿಸ್ತಾಳೆ. ನನ್ನ ಮುಖದ ಮೇಲೆ ಮಾತ್ರ ಇಡುವುದಿಲ್ಲ, ಪಾಪ."

"ಹೌದಾ," ಎಂದರು ಇರ್ವಿನ್.

"ನಿಮ್ಮ ವಾಚು ಒಳ್ಳೇದುಂಟು. ಅಂಗಿಯ ಕೈ ಮೇಲೆ ಮಾಡಿ, ಸೆಕೆ." ಅಷ್ಟು ಹೇಳಿ ಸಂಕಪ್ಪಣ್ಣ ಸೀಟಿ ಬಾಯಿಗಿಟ್ಟು, ಯಾರೋ ದಾರಿಯ ಪಕ್ಕ ಉಗುಳಿದ್ದಕ್ಕೆ ಜೋರಾಗಿ ಊದಿದರು.

ಡೈಸಿ ಸುತ್ತು ಮುಗಿಸಿ ಬಂದರು. ಹಣೆಯಲ್ಲಿ ಬೆವರು, ಕೆನ್ನೆಯಲ್ಲಿ ಸ್ವಲ್ಪ ಬಣ್ಣ. ಮನೆಯ ಕಡೆಗೆ ನಡೆಯುತ್ತ ಗಂಡನ ತೋಳು ಹಿಡಿದುಕೊಂಡರು, ಅವರು ರಸ್ತೆಯಲ್ಲಿ ಹಾಗೆ ಹಿಡಿಯುವವರಲ್ಲ.

"ಆ ರಾತ್ರಿ ನೀವು ಹೇಳಿದ್ದನ್ನು ನಾನು ನಂಬಿರ್ಲಿಲ್ಲ. ಇವತ್ತು ನೀವು ಎದ್ದಾಗ ಸಂಕಪ್ಪಣ್ಣನ ಹೆಸರೇ ಹೇಳ್ತೀರಿ ಅಂತ ಇದ್ದೆ. ಆಗಲೇ ನಿರ್ಧಾರ ಮಾಡಿದ್ರಿ ಅಲ್ವಾ?"

ಇರ್ವಿನ್ ಉತ್ತರ ಕೊಡುವ ಮೊದಲು ಎಲ್ಲವನ್ನೂ ಒಮ್ಮೆ ನೋಡಿಕೊಂಡರು: ಮೋಡ, ಇಸವಿ, ಗಿಡ್ಡ ಫ್ರೇಮು, ಯಾರನ್ನು ಅನುಮೋದಿಸಲು ತಾನು ಎದ್ದು ನಿಂತದ್ದು ಎಂಬುದು. ರವೂಫ ಹೇಳುವುದಿಲ್ಲ. ಸಂಕಪ್ಪಣ್ಣ ಹೇಳುವುದಿಲ್ಲ. ಶನಿವಾರ ಪಾಪನಿವೇದನೆಗೆ ಹೋದಾಗ ಹೇಳಬೇಕಾದೀತೇ ಎಂದು ಯೋಚಿಸಿದರು. ತಪ್ಪಿ ಸರಿಯಾದದ್ದನ್ನು ಮಾಡುವುದು ಯಾವ ಆಜ್ಞೆಯ ಉಲ್ಲಂಘನೆಯೆಂದು ಅವರಿಗೆ ನೆನಪಾಗಲಿಲ್ಲ. ಹಾಗಾದರೆ ಪಾದ್ರಿಯವರಿಗೂ ಬೇಡ. ಯಾರಿಗೂ ಬೇಡ.

"ಹೂಂ," ಎಂದರು. "ಆಗಲೇ."

ಮನೆ ತಲುಪಿದ ಮೇಲೆ ಊಟದ ಮೇಜಿನ ಕುರ್ಚಿಯನ್ನು ಅದರ ಹಳೆಯ ಜಾಗಕ್ಕೆ ಎಳೆದು, ಅದರಲ್ಲಿ ಕೂತು, ಇರ್ವಿನ್ ಮಿನೇಜಸರು ಗಂಜಿಗೆ ಕಾದರು.